ವಿದೇಶಿ ಚಾಲನಾ ಪರವಾನಗಿಯ ವಿನಿಮಯ

ವಿದೇಶಿ ಚಾಲನಾ ಪರವಾನಗಿಯ ವಿನಿಮಯ ಎಂದರೆ ಒಂದು ದೇಶದಲ್ಲಿ ಪಡೆದ ವಾಹನ ಚಾಲನಾ ಪರವಾನಗಿಯ ಆಧಾರದ ಮೇಲೆ, ಪೂರ್ಣವಾಗಿ ಅಥವಾ ಭಾಗಶಃ ಪರೀಕ್ಷೆಯ ವಿನಾಯಿತಿಯೊಂದಿಗೆ, ಮತ್ತೊಂದು ದೇಶದ ಪರವಾನಗಿಯನ್ನು ಪಡೆಯುವ ಕಾನೂನುಬದ್ಧ ಪ್ರಕ್ರಿಯೆ. ಉದ್ಯೋಗಕ್ಕಾಗಿ ಪರದೇಶದಲ್ಲಿ ನೆಲೆಸುವವರಿಗೆ ಇದು ಮುಖ್ಯವಾದ ವಿಷಯ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಪಶ್ಚಿಮ ಬಡಾವಣೆಗಳಿಂದ ಅಮೆರಿಕ, ಬ್ರಿಟನ್, ಜರ್ಮನಿ, ಕೆನಡಾ, ಕೊಲ್ಲಿ ರಾಷ್ಟ್ರಗಳು ಮತ್ತು ಆಸ್ಟ್ರೇಲಿಯಕ್ಕೆ ತೆರಳುವವರಲ್ಲಿ ಹಲವರು ತಮ್ಮ ಭಾರತೀಯ ಪರವಾನಗಿಯನ್ನು ಅಲ್ಲಿ ನೇರವಾಗಿ ಬದಲಾಯಿಸಿಕೊಳ್ಳಬಹುದೆಂದು ಭಾವಿಸುತ್ತಾರೆ. ಆದರೆ ಈ ದೇಶಗಳಲ್ಲಿ ಸಾಮಾನ್ಯವಾಗಿ ಭಾರತದ ಪರವಾನಗಿಗೆ ನೇರ ವಿನಿಮಯದ ಸೌಲಭ್ಯವಿಲ್ಲ. ಹೊಸ ನಿವಾಸಿಯು ಅಲ್ಲಿನ ಪರೀಕ್ಷೆಗಳನ್ನು ಎದುರಿಸಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ, ಭಾರತದ ಮೋಟಾರು ವಾಹನ ಕಾಯ್ದೆಯು ವಿದೇಶಿ ಪರವಾನಗಿ ಹೊಂದಿರುವವರಿಗೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ನೀಡಲು ಅವಕಾಶ ಕಲ್ಪಿಸಿದೆ.

ಪರಿಭಾಷೆ

ಈ ವಿಷಯದಲ್ಲಿ ಮೂರು ದಾಖಲೆಗಳನ್ನು ಒಂದಕ್ಕೊಂದು ಬೆರೆಸದೆ ತಿಳಿದುಕೊಳ್ಳುವುದು ಅಗತ್ಯ.

1. ಚಾಲನಾ ಪರವಾನಗಿ: ಒಬ್ಬ ವ್ಯಕ್ತಿ ನಿರ್ದಿಷ್ಟ ವರ್ಗದ ವಾಹನವನ್ನು ಓಡಿಸಲು ಅರ್ಹನೆಂದು ಪರೀಕ್ಷಿಸಿ ಸರ್ಕಾರ ನೀಡುವ ಮೂಲ ದಾಖಲೆ. ಆಡುಮಾತಿನಲ್ಲಿ ಇದನ್ನು ‘ಡಿ.ಎಲ್.’ ಅಥವಾ ‘ಲೈಸೆನ್ಸ್’ ಎನ್ನುತ್ತಾರೆ.

2. ಅಂತರರಾಷ್ಟ್ರೀಯ ಚಾಲನಾ ಅನುಮತಿ ಪತ್ರ: ‘ಐ.ಡಿ.ಪಿ.’ ಎಂಬ ಹೆಸರಿನಿಂದ ಪರಿಚಿತ. ಇದು ಮೂಲ ಪರವಾನಗಿಯ ವಿವರಗಳನ್ನು ಇತರ ದೇಶಗಳ ಅಧಿಕಾರಿಗಳು ಓದಿ ಅರ್ಥ ಮಾಡಿಕೊಳ್ಳಲು ಅನುವಾಗುವಂತೆ ನಿಗದಿತ ನಮೂನೆಯಲ್ಲಿ ನೀಡುವ ಪತ್ರ. ಇದು ಸ್ವತಂತ್ರ ಪರವಾನಗಿಯಲ್ಲ. ಮೂಲ ಪರವಾನಗಿ ಜೊತೆಯಲ್ಲಿದ್ದಾಗ ಮಾತ್ರ ಇದಕ್ಕೆ ಬೆಲೆ.

3. ಸ್ಥಳೀಯ ಪರವಾನಗಿ: ವ್ಯಕ್ತಿಯು ನೆಲೆಸಿರುವ ದೇಶ ಅಥವಾ ರಾಜ್ಯ ನೀಡುವ ಪರವಾನಗಿ. ವಿನಿಮಯದ ಅಂತಿಮ ಉದ್ದೇಶ ಇದನ್ನು ಪಡೆಯುವುದೇ ಆಗಿದೆ.

ಅಂತರರಾಷ್ಟ್ರೀಯ ಒಡಂಬಡಿಕೆಗಳು

ಮೋಟಾರು ವಾಹನಗಳು ದೇಶದ ಗಡಿ ದಾಟತೊಡಗಿದಾಗ ಚಾಲಕರ ದಾಖಲೆಗಳಿಗೆ ಪರಸ್ಪರ ಮಾನ್ಯತೆ ನೀಡುವ ಪ್ರಶ್ನೆ ಉದ್ಭವಿಸಿತು. ಈ ಸಂಬಂಧ 1909 ಮತ್ತು 1926ರಲ್ಲಿ ಪ್ಯಾರಿಸ್‌ನಲ್ಲಿ ಒಡಂಬಡಿಕೆಗಳಾದವು. ಎರಡನೆಯ ಮಹಾಯುದ್ಧದ ನಂತರ 1949ರ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ ರಸ್ತೆ ಸಂಚಾರ ಒಡಂಬಡಿಕೆಗೆ ಸಹಿ ಬಿದ್ದಿತು. ಅದು 1952ರ ಮಾರ್ಚ್ 26ರಂದು ಜಾರಿಗೆ ಬಂದಿತು. 1968ರ ನವೆಂಬರ್ 8ರಂದು ವಿಯೆನ್ನಾದಲ್ಲಿ ಮತ್ತೊಂದು ಒಡಂಬಡಿಕೆಯಾಯಿತು. ಅದು 1977ರಲ್ಲಿ ಜಾರಿಗೆ ಬಂದಿತು.

ಭಾರತವು 1949ರ ಜಿನೀವಾ ಒಡಂಬಡಿಕೆಯ ಪ್ರಕಾರ ಐ.ಡಿ.ಪಿ.ಯನ್ನು ನೀಡುತ್ತದೆ. ಇದರ ಅವಧಿ ಒಂದು ವರ್ಷ. ರಾಜ್ಯದಿಂದ ರಾಜ್ಯಕ್ಕೆ ಈ ಪತ್ರದ ಗಾತ್ರ, ಬಣ್ಣ ಮತ್ತು ವಿನ್ಯಾಸ ಬೇರೆಬೇರೆಯಾಗಿದ್ದುದರಿಂದ ವಿದೇಶಗಳಲ್ಲಿ ಚಾಲಕರಿಗೆ ತೊಂದರೆಯಾಗುತ್ತಿತ್ತು. ಆದ್ದರಿಂದ 2022ರ ಆಗಸ್ಟ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ದೇಶಕ್ಕೆಲ್ಲ ಒಂದೇ ನಮೂನೆಯನ್ನು ಗೊತ್ತುಪಡಿಸಿ, ಮೂಲ ಪರವಾನಗಿಯೊಂದಿಗೆ ಐ.ಡಿ.ಪಿ.ಯನ್ನು ಜೋಡಿಸುವ ಕ್ಯೂಆರ್ ಸಂಕೇತವನ್ನು ಅಳವಡಿಸಿತು.

ಈ ಒಡಂಬಡಿಕೆಗಳು ಮುಖ್ಯವಾಗಿ ತಾತ್ಕಾಲಿಕ ಸಂಚಾರಕ್ಕೆ ಸಂಬಂಧಿಸಿದವು. ಒಂದು ದೇಶದಲ್ಲಿ ನೆಲೆಸಿದ ವ್ಯಕ್ತಿಗೆ ಆ ದೇಶವು ಪರವಾನಗಿಯನ್ನು ಬದಲಾಯಿಸಿಕೊಡಲೇಬೇಕೆಂದು ಅವು ಕಡ್ಡಾಯಗೊಳಿಸುವುದಿಲ್ಲ. ವಿನಿಮಯವು ಆಯಾ ದೇಶದ ಒಳಗಿನ ಕಾನೂನನ್ನೂ ಎರಡು ದೇಶಗಳ ನಡುವಣ ಒಪ್ಪಂದವನ್ನೂ ಅವಲಂಬಿಸಿದೆ.

ಭೇಟಿ ಮತ್ತು ವಾಸ

ಭೇಟಿಗೆ ಬಂದವರು ಮತ್ತು ನೆಲೆಸಿದವರು ಎಂಬ ಭೇದವೇ ಈ ವಿಷಯದ ತಿರುಳು. ಒಂದೇ ಮನೆಯ ಇಬ್ಬರು, ಒಂದೇ ಬಗೆಯ ಭಾರತೀಯ ಪರವಾನಗಿ ಹೊಂದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಬೇರೆಬೇರೆ ಸ್ಥಿತಿಯಲ್ಲಿರಬಹುದು. ಉದಾಹರಣೆಗೆ, ಬಸವೇಶ್ವರನಗರದಿಂದ ಬ್ರಿಟನ್ನಿಗೆ ಹೋಗಿ ಹದಿನಾಲ್ಕು ತಿಂಗಳಿಂದ ಉದ್ಯೋಗದಲ್ಲಿರುವ ಮಗನೂ ಅವನನ್ನು ನೋಡಲು ಎರಡು ತಿಂಗಳ ಮಟ್ಟಿಗೆ ಹೋದ ತಂದೆಯೂ ಇದ್ದಾರೆನ್ನೋಣ. ತಂದೆಯು ಭೇಟಿಗಾರನಾದ್ದರಿಂದ ಚಾಲ್ತಿಯಲ್ಲಿರುವ ತನ್ನ ಭಾರತೀಯ ಪರವಾನಗಿಯ ಮೇಲೆ ಅಲ್ಲಿ ಕಾರು ಓಡಿಸಬಹುದು. ಮಗನು ನಿವಾಸಿಯಾಗಿ ಹನ್ನೆರಡು ತಿಂಗಳು ಕಳೆದಿರುವುದರಿಂದ ಅದೇ ಬಗೆಯ ಪರವಾನಗಿಯ ಮೇಲೆ ಓಡಿಸುವಂತಿಲ್ಲ. ಅವನು ಆ ನಡುವೆ ಊರಿಗೆ ಬಂದು ಹೊಸ ಐ.ಡಿ.ಪಿ. ಮಾಡಿಸಿಕೊಂಡು ಹೋಗಿದ್ದರೂ ಈ ಸ್ಥಿತಿ ಬದಲಾಗುವುದಿಲ್ಲ. ಐ.ಡಿ.ಪಿ.ಯ ಮೇಲೆ ಮುದ್ರಿತವಾದ ಅವಧಿ ಒಂದು, ಆತಿಥೇಯ ದೇಶ ತನ್ನ ಹೊಸ ನಿವಾಸಿಗೆ ಕೊಡುವ ಕಾಲಾವಕಾಶ ಇನ್ನೊಂದು. ಇವುಗಳಲ್ಲಿ ಎರಡನೆಯದೇ ನಿರ್ಣಾಯಕ.

ಈ ಕಾಲಾವಕಾಶ ಒಂದೊಂದು ದೇಶದಲ್ಲಿ ಒಂದೊಂದು ಬಗೆಯಾಗಿದೆ. ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು, ಜರ್ಮನಿಯಲ್ಲಿ ಆರು ತಿಂಗಳು, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 60 ದಿನ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 30 ದಿನ. ಕ್ಯಾಲಿಫೋರ್ನಿಯದಲ್ಲಿ ನಿವಾಸಿಯಾದ 10 ದಿನಗಳೊಳಗೆ ಸ್ಥಳೀಯ ಪರವಾನಗಿಗೆ ಅರ್ಜಿ ಹಾಕಬೇಕು.

ವಿನಿಮಯದ ವಿಧಗಳು

ಆತಿಥೇಯ ದೇಶಗಳು ವಿದೇಶಿ ಪರವಾನಗಿಯನ್ನು ನೋಡುವ ಕ್ರಮವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

1. ಪೂರ್ಣ ವಿನಿಮಯ: ಪರೀಕ್ಷೆಯಿಲ್ಲದೆ ಹಳೆಯ ಪರವಾನಗಿಯನ್ನು ಒಪ್ಪಿಸಿ ಹೊಸದನ್ನು ಪಡೆಯುವುದು. ಬ್ರಿಟನ್ ಇಂಥ ದೇಶಗಳ ಒಂದು ಪಟ್ಟಿಯನ್ನು ಇಟ್ಟುಕೊಂಡಿದೆ. ಆಸ್ಟ್ರೇಲಿಯ, ಕೆನಡಾ, ಜಪಾನ್, ಸಿಂಗಪುರ, ದಕ್ಷಿಣ ಆಫ್ರಿಕ ಮೊದಲಾದವು ಅದರಲ್ಲಿವೆ, ಭಾರತ ಇಲ್ಲ.

2. ಭಾಗಶಃ ವಿನಾಯಿತಿ: ಲಿಖಿತ ಪರೀಕ್ಷೆ ಮಾತ್ರ, ಅಥವಾ ಕಡ್ಡಾಯ ತರಬೇತಿ ಇಲ್ಲದೆ ನೇರವಾಗಿ ಪರೀಕ್ಷೆ, ಅಥವಾ ಕಾಯುವ ಅವಧಿಯಲ್ಲಿ ಕಡಿತ. ಭಾರತೀಯರಿಗೆ ಹೆಚ್ಚಾಗಿ ದೊರೆಯುವುದು ಈ ಬಗೆಯ ಸೌಲಭ್ಯ.

3. ಹೊಸ ಪರವಾನಗಿ: ಹಿಂದಿನ ಅನುಭವವನ್ನು ಗಣನೆಗೆ ತೆಗೆದುಕೊಳ್ಳದೆ ಕಲಿಕಾ ಪರವಾನಗಿಯಿಂದಲೇ ಆರಂಭಿಸುವುದು.

ಈ ತಾರತಮ್ಯಕ್ಕೆ ಚಾಲಕನ ವೈಯಕ್ತಿಕ ಕೌಶಲ ಕಾರಣವಲ್ಲ. ಒಂದು ದೇಶ ಮತ್ತೊಂದು ದೇಶದ ಪರೀಕ್ಷಾ ಕ್ರಮ, ದಾಖಲೆಗಳ ನಿರ್ವಹಣೆ ಮತ್ತು ಪರಿಶೀಲನೆಯ ಸೌಕರ್ಯಗಳ ಮೇಲೆ ಎಷ್ಟು ವಿಶ್ವಾಸ ಇಡುತ್ತದೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಇಪ್ಪತ್ತು ವರ್ಷ ಮೈಸೂರು ರಸ್ತೆಯಲ್ಲಿ ಅಪಘಾತವಿಲ್ಲದೆ ಕಾರು ಓಡಿಸಿದವರೂ ಹೊಸ ಊರಿನಲ್ಲಿ ಕಲಿಯುವವರ ಸಾಲಿನಲ್ಲಿ ನಿಲ್ಲಬೇಕಾಗುವುದು ಈ ಕಾರಣದಿಂದ.

ಭಾರತೀಯ ಪರವಾನಗಿ ಹೊಂದಿದವರ ಸ್ಥಿತಿ: ದೇಶವಾರು

ಬ್ರಿಟನ್: ಮೊದಲ ಹನ್ನೆರಡು ತಿಂಗಳು ಭಾರತೀಯ ಪರವಾನಗಿಯ ಮೇಲೆ ಕಾರು ಓಡಿಸಬಹುದು. ಅಷ್ಟರೊಳಗೆ ತಾತ್ಕಾಲಿಕ ಪರವಾನಗಿ ಪಡೆದು, ತಾತ್ವಿಕ ಹಾಗೂ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಬೇಕು. ಕಾರಿನ ತಾತ್ವಿಕ ಪರೀಕ್ಷೆಯಲ್ಲಿ 50 ಪ್ರಶ್ನೆಗಳಿದ್ದು 43ಕ್ಕೆ ಸರಿಯುತ್ತರ ಬೇಕು. ಇದರೊಂದಿಗೆ ರಸ್ತೆಯ ಅಪಾಯವನ್ನು ಮುಂಚಿತವಾಗಿ ಗುರುತಿಸುವ ದೃಶ್ಯ ಪರೀಕ್ಷೆಯೂ ಇದೆ. ಸ್ವಯಂಚಾಲಿತ ಗೇರಿನ ಕಾರಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಅಂಥ ಕಾರುಗಳಿಗೆ ಮಾತ್ರ ಪರವಾನಗಿ ದೊರೆಯುತ್ತದೆ.

ಜರ್ಮನಿ: ವಾಸ ಆರಂಭವಾದ ದಿನದಿಂದ ಆರು ತಿಂಗಳ ನಂತರ ಭಾರತೀಯ ಪರವಾನಗಿಗೆ ಅಲ್ಲಿ ಮಾನ್ಯತೆ ಇಲ್ಲ. ವಾಸವು ಒಂದು ವರ್ಷವನ್ನು ಮೀರುವುದಿಲ್ಲವೆಂದು ತೋರಿಸಬಲ್ಲವರು ಅವಧಿಯ ವಿಸ್ತರಣೆಯನ್ನು ಕೋರಬಹುದು. ಭಾರತವು ಪರೀಕ್ಷಾ ವಿನಾಯಿತಿಯ ಪಟ್ಟಿಯಲ್ಲಿ ಇಲ್ಲದಿರುವುದರಿಂದ ತಾತ್ವಿಕ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡೂ ಕಡ್ಡಾಯ. ಆದರೆ ಹೊಸದಾಗಿ ಕಲಿಯುವವರಿಗೆ ವಿಧಿಸಿರುವಷ್ಟು ತರಗತಿಗಳ ಕಡ್ಡಾಯ ಇವರಿಗಿಲ್ಲ. ಕಣ್ಣಿನ ತಪಾಸಣೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಯ ಪತ್ರಗಳು ಬೇಕು. ತಾತ್ವಿಕ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು.

ಅಮೆರಿಕ ಸಂಯುಕ್ತ ಸಂಸ್ಥಾನ: ಇಲ್ಲಿ ಪರವಾನಗಿ ರಾಜ್ಯಗಳ ವಿಷಯ. ಕ್ಯಾಲಿಫೋರ್ನಿಯ, ನ್ಯೂಯಾರ್ಕ್, ಟೆಕ್ಸಾಸ್ ಮುಂತಾದ ರಾಜ್ಯಗಳಲ್ಲಿ ಭಾರತದಿಂದ ಬಂದ ಹೊಸ ನಿವಾಸಿಗಳು ಜ್ಞಾನ ಪರೀಕ್ಷೆ ಮತ್ತು ರಸ್ತೆ ಪರೀಕ್ಷೆಗಳನ್ನು ಕೊಡಬೇಕು. ರಸ್ತೆಯ ಬಲಬದಿಯ ಸಂಚಾರ ಮತ್ತು ‘ನಿಲ್ಲಿ’ ಫಲಕದ ಬಳಿ ವಾಹನವನ್ನು ಸಂಪೂರ್ಣವಾಗಿ ನಿಲ್ಲಿಸುವ ನಿಯಮ ಭಾರತೀಯ ಚಾಲಕರು ವಿಶೇಷವಾಗಿ ರೂಢಿಸಿಕೊಳ್ಳಬೇಕಾದ ಸಂಗತಿಗಳು.

ಕೆನಡಾ: ಒಂಟಾರಿಯೊದಲ್ಲಿ ಹಂತಹಂತವಾಗಿ ಪರವಾನಗಿ ನೀಡುವ ಪದ್ಧತಿ ಇದೆ. ಭಾರತೀಯರು ಜ್ಞಾನ ಪರೀಕ್ಷೆಯನ್ನೂ ರಸ್ತೆ ಪರೀಕ್ಷೆಯನ್ನೂ ಕೊಡಬೇಕು. ಹಿಂದಿನ ಚಾಲನಾನುಭವವನ್ನು ರುಜುವಾತುಪಡಿಸಿದರೆ ಹಂತಗಳ ನಡುವೆ ಕಾಯಬೇಕಾದ ಅವಧಿ ಕಡಿಮೆಯಾಗುತ್ತದೆ. ಎರಡು ವರ್ಷಕ್ಕಿಂತ ಹೆಚ್ಚಿನ ಅನುಭವವನ್ನು ಹೇಳಿಕೊಳ್ಳುವವರು ಪರವಾನಗಿ ನೀಡಿದ ಪ್ರಾಧಿಕಾರದಿಂದ ಅಥವಾ ರಾಯಭಾರ ಕಚೇರಿಯಿಂದ ದೃಢೀಕರಣ ಪತ್ರವನ್ನು ಹಾಜರುಪಡಿಸಬೇಕು.

ಸಂಯುಕ್ತ ಅರಬ್ ಸಂಸ್ಥಾನ: ನಿವಾಸಿ ವೀಸಾ ಪಡೆದ ಭಾರತೀಯರು ಸ್ಥಳೀಯ ಪರವಾನಗಿಯಿಲ್ಲದೆ ವಾಹನ ಓಡಿಸುವಂತಿಲ್ಲ. ದುಬೈಯಲ್ಲಿ ‘ಗೋಲ್ಡನ್ ಚಾನ್ಸ್’ ಎಂಬ ವ್ಯವಸ್ಥೆಯಡಿ, ಸ್ವದೇಶದ ಪರವಾನಗಿ ಉಳ್ಳವರು ತರಬೇತಿ ತರಗತಿಗಳಿಲ್ಲದೆ ಒಂದೇ ಒಂದು ಬಾರಿ ಪರೀಕ್ಷೆಗೆ ಕೂರಬಹುದು. ಅದರಲ್ಲಿ ಅನುತ್ತೀರ್ಣರಾದವರು ಮಾಮೂಲಿನ ತರಗತಿಗಳಿಗೆ ಸೇರಬೇಕು.

ಸಿಂಗಪುರ: ಕಾರಿನ ಪರವಾನಗಿಯ ವಿನಿಮಯಕ್ಕೆ ಮೂಲಭೂತ ತಾತ್ವಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇದರಲ್ಲಿ 50 ಪ್ರಶ್ನೆಗಳಿಗೆ ಕನಿಷ್ಠ 45 ಸರಿಯುತ್ತರ ಅಗತ್ಯ.

ಜಪಾನ್: ಪರವಾನಗಿ ಪಡೆದ ನಂತರ ಅದನ್ನು ನೀಡಿದ ದೇಶದಲ್ಲಿ ಒಟ್ಟು ಮೂರು ತಿಂಗಳಾದರೂ ವಾಸವಿದ್ದುದಕ್ಕೆ ಪುರಾವೆ ಕೊಡಬೇಕು. ಪ್ರಯಾಣಕ್ಕೆ ಹಿಂದಿನ ತಿಂಗಳಷ್ಟೇ ಅವಸರದಲ್ಲಿ ಪರವಾನಗಿ ಪಡೆದವರಿಗೆ ಈ ನಿಯಮ ತೊಡಕಾಗುತ್ತದೆ. ಪರವಾನಗಿಯ ಜಪಾನಿ ಭಾಷಾಂತರ, ಜ್ಞಾನ ಪರೀಕ್ಷೆ ಮತ್ತು ಚಾಲನಾ ಪರೀಕ್ಷೆಗಳು ಬೇಕು. 2025ರ ಅಕ್ಟೋಬರ್‌ನಿಂದ ಜ್ಞಾನ ಪರೀಕ್ಷೆಯ ಪ್ರಶ್ನೆಗಳ ಸಂಖ್ಯೆಯನ್ನು 10ರಿಂದ 50ಕ್ಕೆ ಏರಿಸಲಾಗಿದೆ.

ಚಾಲನಾನುಭವದ ಪುರಾವೆ

ನೇರ ವಿನಿಮಯ ಇಲ್ಲದಿರುವಾಗ ಭಾರತೀಯ ಚಾಲಕನ ಕೈಯಲ್ಲಿ ಉಳಿಯುವ ಆಸ್ತಿ ಆತನ ಅನುಭವದ ವರ್ಷಗಳು. ಅವನ್ನು ದಾಖಲೆಯಿಂದ ತೋರಿಸಲು ಸಾಧ್ಯವಾಗದಿದ್ದರೆ ಅವು ಲೆಕ್ಕಕ್ಕೆ ಬರುವುದಿಲ್ಲ.

ಕರ್ನಾಟಕದ ಪರವಾನಗಿಯ ಸಂಖ್ಯೆಯಲ್ಲೇ ಈ ಮಾಹಿತಿಯ ಒಂದು ಭಾಗ ಅಡಗಿದೆ. ಮೊದಲ ಎರಡು ಅಕ್ಷರಗಳು ರಾಜ್ಯವನ್ನೂ ಮುಂದಿನ ಎರಡು ಅಂಕಿಗಳು ಸಾರಿಗೆ ಕಚೇರಿಯನ್ನೂ ಅನಂತರದ ನಾಲ್ಕು ಅಂಕಿಗಳು ಪರವಾನಗಿ ನೀಡಿದ ವರ್ಷವನ್ನೂ ಕೊನೆಯ ಏಳು ಅಂಕಿಗಳು ಅನುಕ್ರಮ ಸಂಖ್ಯೆಯನ್ನೂ ಸೂಚಿಸುತ್ತವೆ. ‘ಕೆಎ 02’ ಮತ್ತು ‘2014’ ಎಂದು ಆರಂಭವಾಗುವ ಸಂಖ್ಯೆಯು ರಾಜಾಜಿನಗರದ ಕಚೇರಿಯಲ್ಲಿ 2014ರಲ್ಲಿ ನೀಡಿದ ಪರವಾನಗಿಯನ್ನು ಸೂಚಿಸುತ್ತದೆ. ಆದರೆ ಸಂಖ್ಯೆಯೊಂದೇ ಸಾಲದು. 2014ರಲ್ಲಿ ದ್ವಿಚಕ್ರ ವಾಹನಕ್ಕೆ ಪರವಾನಗಿ ಪಡೆದು 2019ರಲ್ಲಿ ಕಾರನ್ನು ಸೇರಿಸಿಕೊಂಡವರಿಗೆ, ಕಾರಿನ ಅನುಭವ 2019ರಿಂದಲೇ ಆರಂಭ.

ಈ ವಿವರಗಳನ್ನೆಲ್ಲ ಒಳಗೊಂಡ ಪರವಾನಗಿ ವಿವರಪತ್ರವನ್ನು ಸಾರಿಗೆ ಕಚೇರಿ ಶುಲ್ಕ ಪಡೆದು ನೀಡುತ್ತದೆ. ಕಚೇರಿಗಳಲ್ಲಿ ಇದು ‘ಡಿ.ಎಲ್. ಎಕ್ಸ್‌ಟ್ರ್ಯಾಕ್ಟ್’ ಎಂದೇ ಬಳಕೆಯಲ್ಲಿದೆ. ಮೊದಲು ನೀಡಿದ ದಿನಾಂಕ, ವಾಹನದ ವರ್ಗಗಳು ಮತ್ತು ಅವಧಿ ಇದರಲ್ಲಿ ದಾಖಲಾಗಿರುತ್ತವೆ. ಹಳೆಯ ಪುಸ್ತಕ ರೂಪದ ಪರವಾನಗಿ ಹೊಂದಿದವರ ಮಾಹಿತಿ ಗಣಕೀಕೃತ ‘ಸಾರಥಿ’ ದತ್ತಸಂಚಯಕ್ಕೆ ಸೇರದೆ ಉಳಿದಿರುವ ಸಾಧ್ಯತೆ ಇದೆ. ಅಂಥವರು ಪ್ರಯಾಣಕ್ಕೆ ಮೊದಲೇ ಅದನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಏಕೆಂದರೆ ಪರವಾನಗಿಯ ನೈಜತೆಯನ್ನು ದೂರದಿಂದ ಪರಿಶೀಲಿಸುವವರಿಗೆ ಈ ದತ್ತಸಂಚಯವೇ ಆಧಾರ. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಪರವಾನಗಿಯಲ್ಲಿರುವ ಹೆಸರಿಗೂ ವ್ಯತ್ಯಾಸವಿದ್ದರೆ ತೊಡಕು ಉಂಟಾಗುತ್ತದೆ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಇನಿಷಿಯಲ್ ಆಗಿ ಬರೆಯುವ ರೂಢಿ ಕರ್ನಾಟಕದಲ್ಲಿ ಇರುವುದರಿಂದ, ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅದರ ಪೂರ್ಣರೂಪ ಇರುವುದು ಅಪರೂಪವಲ್ಲ.

ಪಶ್ಚಿಮ ಬೆಂಗಳೂರಿನಲ್ಲಿರುವ ವ್ಯವಸ್ಥೆ

ಬೆಂಗಳೂರು ಪಶ್ಚಿಮ ಪ್ರಾದೇಶಿಕ ಸಾರಿಗೆ ಕಚೇರಿ ರಾಜಾಜಿನಗರದಲ್ಲಿದ್ದು ಅದರ ಸಂಕೇತ ಕೆಎ 02. ಕೆಂಗೇರಿ, ರಾಜರಾಜೇಶ್ವರಿನಗರದ ಕಡೆಯ ಪ್ರದೇಶಗಳಿಗೆ ಜ್ಞಾನಭಾರತಿ ಕಚೇರಿ ಇದ್ದು ಅದರ ಸಂಕೇತ ಕೆಎ 41. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಿಂದ ಈ ಕಚೇರಿಗೆ ಆ ಹೆಸರು ಬಂದಿದೆ. ಮಲ್ಲತ್ತಹಳ್ಳಿಯಲ್ಲಿರುವ ಸ್ವಯಂಚಾಲಿತ ಚಾಲನಾ ಪರೀಕ್ಷಾ ಪಥದಲ್ಲಿ ಸಂವೇದಕಗಳು ಮತ್ತು ಕ್ಯಾಮೆರಾಗಳ ನೆರವಿನಿಂದ ಅಭ್ಯರ್ಥಿಯ ಚಾಲನೆಯನ್ನು ಅಳೆಯಲಾಗುತ್ತದೆ.

ಐ.ಡಿ.ಪಿ. ಪಡೆಯಲು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಮೂನೆ 4ಎಯಲ್ಲಿ ಅರ್ಜಿ ಸಲ್ಲಿಸಬೇಕು. ‘ಸಾರಥಿ’ ಜಾಲತಾಣದಲ್ಲಿ ಕರ್ನಾಟಕವನ್ನು ಆರಿಸಿ, ಪರವಾನಗಿ ಸಂಖ್ಯೆ ಮತ್ತು ಜನ್ಮದಿನಾಂಕ ನಮೂದಿಸಿ ಅರ್ಜಿ ತುಂಬಬಹುದು. ನಿಯಮಗಳಲ್ಲಿ ಗೊತ್ತುಪಡಿಸಿರುವ ಶುಲ್ಕ 1,000 ರೂಪಾಯಿ. ಚಾಲ್ತಿಯಲ್ಲಿರುವ ಪರವಾನಗಿ ಮತ್ತು ಪಾಸ್‌ಪೋರ್ಟ್ ಮುಖ್ಯ ದಾಖಲೆಗಳು. 2021ರ ಜನವರಿಯ ತಿದ್ದುಪಡಿಯ ಮೂಲಕ, ಅರ್ಜಿಯ ವೇಳೆಗೆ ವೈದ್ಯಕೀಯ ಪ್ರಮಾಣಪತ್ರ ಮತ್ತು ವೀಸಾ ಇರಲೇಬೇಕೆಂಬ ಷರತ್ತುಗಳನ್ನು ಕೈಬಿಡಲಾಯಿತು. ಕೆಲವು ದೇಶಗಳು ಅಲ್ಲಿಗೆ ತಲುಪಿದ ಮೇಲೆ ಅಥವಾ ಕೊನೆಯ ಗಳಿಗೆಯಲ್ಲಿ ವೀಸಾ ನೀಡುವುದು ಇದಕ್ಕೆ ಒಂದು ಕಾರಣ. ಖಾಸಗಿ ಜಾಲತಾಣಗಳು ತಮ್ಮ ಹೆಸರಿನಲ್ಲೇ ತಯಾರಿಸಿ ಮಾರುವ ‘ಅಂತರರಾಷ್ಟ್ರೀಯ ಲೈಸೆನ್ಸ್’ ಕಾರ್ಡುಗಳಿಗೆ ಒಡಂಬಡಿಕೆಯ ಮಾನ್ಯತೆ ಇಲ್ಲ.

ವಿದೇಶದಲ್ಲಿರುವಾಗ ಅವಧಿ ಮುಗಿದರೆ

ಹಿಂದಿನ ನಿಯಮದಂತೆ ಸಾರಿಗೇತರ ವಾಹನದ ಪರವಾನಗಿಯು 20 ವರ್ಷ ಅಥವಾ 50 ವರ್ಷ ವಯಸ್ಸು, ಇವುಗಳಲ್ಲಿ ಮೊದಲು ಬರುವ ದಿನದವರೆಗೆ ಚಾಲ್ತಿಯಲ್ಲಿರುತ್ತಿತ್ತು. 2019ರ ಮೋಟಾರು ವಾಹನ (ತಿದ್ದುಪಡಿ) ಕಾಯ್ದೆಯು ಇದನ್ನು ಬದಲಾಯಿಸಿತು. ಈಗಿನ ನಿಯಮ ಹೀಗಿದೆ:

– 30 ವರ್ಷ ತುಂಬದವರಿಗೆ: 40ನೆಯ ವಯಸ್ಸಿನವರೆಗೆ
– 30ರಿಂದ 50 ವರ್ಷದೊಳಗಿನವರಿಗೆ: 10 ವರ್ಷ
– 50ರಿಂದ 55 ವರ್ಷದೊಳಗಿನವರಿಗೆ: 60ನೆಯ ವಯಸ್ಸಿನವರೆಗೆ
– 55 ವರ್ಷ ಮೀರಿದವರಿಗೆ: 5 ವರ್ಷ

ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿನಿಂದ ಮುಗಿದ ಒಂದು ವರ್ಷದವರೆಗೆ ನವೀಕರಣಕ್ಕೆ ಅರ್ಜಿ ಹಾಕಬಹುದು. ಅದಕ್ಕಿಂತ ತಡವಾದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. 40 ವರ್ಷ ಮೀರಿದವರು ನಮೂನೆ 1ಎಯಲ್ಲಿ ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಊರಿಗೆ ಬರುವವರ ಪಾಲಿಗೆ ಈ ಗಡುವು ಸುಲಭವಾಗಿ ಕೈತಪ್ಪುತ್ತದೆ. ವಿದೇಶದ ಪರೀಕ್ಷೆಗೆ ಮುನ್ನವೇ ಭಾರತೀಯ ಪರವಾನಗಿಯ ಅವಧಿ ಮುಗಿದರೆ, ಅದರ ಆಧಾರದ ಮೇಲೆ ದೊರೆಯಬಹುದಾಗಿದ್ದ ರಿಯಾಯಿತಿಯೂ ಇಲ್ಲವಾಗಬಹುದು.

ಐ.ಡಿ.ಪಿ.ಯ ಅವಧಿ ಮುಗಿದವರಿಗೆ 2021ರ ತಿದ್ದುಪಡಿಯು ಒಂದು ದಾರಿ ತೋರಿಸಿತು. ಅವರು ತಾವಿರುವ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ಭಾರತದಲ್ಲಿನ ಸಂಬಂಧಪಟ್ಟ ಸಾರಿಗೆ ಕಚೇರಿ ಪರಿಶೀಲಿಸಿ, ಹೊಸ ಪತ್ರವನ್ನು ವಿದೇಶದ ವಿಳಾಸಕ್ಕೆ ಕಳುಹಿಸುತ್ತದೆ.

ಭಾರತದಲ್ಲಿ ವಿದೇಶಿ ಪರವಾನಗಿ

ವಿದೇಶದಲ್ಲಿ ಮೊದಲ ಬಾರಿಗೆ ಚಾಲನೆ ಕಲಿತು ಬೆಂಗಳೂರಿಗೆ ಮರಳುವವರು ಮತ್ತು ಇಲ್ಲಿ ಉದ್ಯೋಗಕ್ಕೆ ಬರುವ ವಿದೇಶೀಯರು ಎದುರಿಸುವ ಪ್ರಶ್ನೆ ಇದರ ಇನ್ನೊಂದು ಮುಖ. ತಾತ್ಕಾಲಿಕವಾಗಿ ಭಾರತಕ್ಕೆ ಬರುವವರು ವಾಹನ ಓಡಿಸುವ ಷರತ್ತುಗಳ ಬಗ್ಗೆ ನಿಯಮ ರೂಪಿಸಲು ಮೋಟಾರು ವಾಹನ ಕಾಯ್ದೆ, 1988ರ 139ನೆಯ ಪ್ರಕರಣವು ಕೇಂದ್ರ ಸರ್ಕಾರಕ್ಕೆ ಅಧಿಕಾರ ನೀಡಿದೆ.

ಇಲ್ಲಿ ನೆಲೆಸುವವರಿಗೆ 9ನೆಯ ಪ್ರಕರಣದ ಮೂರನೆಯ ಉಪಪ್ರಕರಣ ಮುಖ್ಯವಾದುದು. ಭಾರತದ ಹೊರಗಿನ ಯಾವುದೇ ದೇಶದ ಸಕ್ಷಮ ಪ್ರಾಧಿಕಾರ ನೀಡಿದ, ಅದೇ ವರ್ಗದ ವಾಹನದ ಪರವಾನಗಿಯನ್ನು ಅರ್ಜಿದಾರರು ಹೊಂದಿದ್ದರೆ, ವೈದ್ಯಕೀಯ ಪ್ರಮಾಣಪತ್ರಕ್ಕೆ ಸಂಬಂಧಿಸಿದ ಷರತ್ತಿಗೆ ಒಳಪಟ್ಟು, ಚಾಲನಾ ಪರೀಕ್ಷೆ ಅಗತ್ಯವಿಲ್ಲವೆಂದು ಅದು ಹೇಳುತ್ತದೆ. ಈ ವಿನಾಯಿತಿ ಚಾಲನಾ ಪರೀಕ್ಷೆಗೆ ಸಂಬಂಧಿಸಿದ್ದು. ಅರ್ಜಿ, ವಿಳಾಸ ಮತ್ತು ವಯಸ್ಸಿನ ಪುರಾವೆ, ಶುಲ್ಕ ಮೊದಲಾದವುಗಳಿಂದ ವಿನಾಯಿತಿ ಇಲ್ಲ. ಪರವಾನಗಿಯು ಇಂಗ್ಲಿಷ್ ಅಲ್ಲದ ಭಾಷೆಯಲ್ಲಿದ್ದರೆ ಅದರ ಅಧಿಕೃತ ಭಾಷಾಂತರವನ್ನು ಜೊತೆಗಿಟ್ಟುಕೊಳ್ಳುವುದು ಅನುಕೂಲ.

ಹೀಗೆ ಜರ್ಮನಿಯಲ್ಲಿ ಪರವಾನಗಿ ಪಡೆದವರಿಗೆ ಭಾರತದ ಕಾನೂನು ಪರೀಕ್ಷೆಯಿಂದ ವಿನಾಯಿತಿ ನೀಡುತ್ತದೆ. ಭಾರತದಲ್ಲಿ ಪಡೆದವರಿಗೆ ಜರ್ಮನಿ ನೀಡುವುದಿಲ್ಲ. ಪರಸ್ಪರ ಮಾನ್ಯತೆಯೆಂಬುದು ಎಲ್ಲ ಸಂದರ್ಭಗಳಲ್ಲೂ ಪರಸ್ಪರವಾಗಿರುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ವಿಮೆ ಮತ್ತು ಹೊಣೆಗಾರಿಕೆ

ಕಾಲಾವಕಾಶ ಮುಗಿದ ಮೇಲೂ ಹಳೆಯ ಪರವಾನಗಿಯ ಮೇಲೆ ವಾಹನ ಓಡಿಸುವುದನ್ನು ಪರವಾನಗಿಯಿಲ್ಲದ ಚಾಲನೆ ಎಂದೇ ಪರಿಗಣಿಸಲಾಗುತ್ತದೆ. ಇದರ ಪರಿಣಾಮ ದಂಡಕ್ಕೆ ಸೀಮಿತವಲ್ಲ. ವಾಹನ ವಿಮೆಯು ಚಾಲಕನಿಗೆ ಮಾನ್ಯ ಪರವಾನಗಿ ಇರಬೇಕೆಂಬ ಷರತ್ತಿಗೆ ಒಳಪಟ್ಟಿರುವುದರಿಂದ, ಅಪಘಾತವಾದಾಗ ವಿಮಾ ಸಂಸ್ಥೆಯು ಪರಿಹಾರವನ್ನು ನಿರಾಕರಿಸಬಹುದು ಅಥವಾ ಸಂತ್ರಸ್ತರಿಗೆ ಕೊಟ್ಟ ಹಣವನ್ನು ಚಾಲಕನಿಂದ ವಸೂಲು ಮಾಡಬಹುದು. ಕ್ರಿಮಿನಲ್ ಪ್ರಕರಣ ದಾಖಲಾದರೆ ಅದು ಮುಂದೆ ವೀಸಾ ನವೀಕರಣದ ಮೇಲೂ ಪ್ರಭಾವ ಬೀರಬಹುದು. ಹೊಸ ಪರವಾನಗಿ ಪಡೆದ ಮೇಲೂ ವಿಮಾ ಸಂಸ್ಥೆಗಳು ಅನೇಕ ವೇಳೆ ಹೊಸ ಚಾಲಕರಿಗೆ ವಿಧಿಸುವ ಹೆಚ್ಚಿನ ಕಂತನ್ನೇ ಕೇಳುತ್ತವೆ. ಭಾರತದ ಚಾಲನಾನುಭವದ ದೃಢೀಕೃತ ದಾಖಲೆ ಕೆಲವೆಡೆ ಇದನ್ನು ತಗ್ಗಿಸಲು ನೆರವಾಗುತ್ತದೆ.

ಪ್ರಯಾಣಕ್ಕೆ ಮುನ್ನ ಗಮನಿಸಬೇಕಾದವು

1. ಪರವಾನಗಿಯ ಕೊನೆಯ ದಿನಾಂಕವನ್ನು ನೋಡಿ, ಒಂದು ವರ್ಷದೊಳಗೆ ಮುಗಿಯುವಂತಿದ್ದರೆ ನವೀಕರಿಸುವುದು.
2. ಪಾಸ್‌ಪೋರ್ಟ್ ಮತ್ತು ಪರವಾನಗಿಗಳಲ್ಲಿ ಹೆಸರು, ಜನ್ಮದಿನಾಂಕ ಒಂದೇ ಆಗಿರುವಂತೆ ತಿದ್ದಿಸುವುದು.
3. ಸಾರಿಗೆ ಕಚೇರಿಯಿಂದ ಪರವಾನಗಿ ವಿವರಪತ್ರ ಪಡೆಯುವುದು.
4. ಆರಂಭದ ದಿನಗಳ ಬಳಕೆಗೆ ಐ.ಡಿ.ಪಿ. ಪಡೆಯುವುದು.
5. ಹೋಗುವ ದೇಶ ಅಥವಾ ರಾಜ್ಯದ ಕಾಲಾವಕಾಶವನ್ನು ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ನೋಡಿ, ಅದು ಮುಗಿಯುವ ದಿನವನ್ನು ಬರೆದಿಟ್ಟುಕೊಳ್ಳುವುದು.

ಇವನ್ನೂ ನೋಡಿ

– ಚಾಲನಾ ಪರವಾನಗಿ
– ಮೋಟಾರು ವಾಹನ ಕಾಯ್ದೆ, 1988
– ಪ್ರಾದೇಶಿಕ ಸಾರಿಗೆ ಕಚೇರಿ
– ಎಡಬದಿಯ ಮತ್ತು ಬಲಬದಿಯ ಸಂಚಾರ
– ರಾಜಾಜಿನಗರ